ಗಾಳಿಮಾವನ ಹೊಲಿಗೆ

"ಇವನ ಹರಕು ಹೊಲಿಗೆಯಿಂದ ಎರಡು ಯುದ್ಧವಿಮಾನ ಮೇಲೇಳಬೇಕಾಯ್ತು! ದಿಂಬಿನ ಚೀಲ ಹೊಲಿಯೋಕೂ ಲಾಯಕ್ಕಿಲ್ಲ ಇವನು!"

ಉಗ್ರಾಣದ ಸಾಹೇಬರು ಬೆಳಗಿನ ಹಾಜರಿಗೆ ನಿಂತ ಸಿಪಾಯಿಗಳ ಎದುರೇ ಹೀಗೆ ಕೂಗುವಾಗ ಇನ್ನೂ ಪೂರ್ತಿ ಬೆಳಕಾಗಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆನ್ನುತ್ತಾರೆ. ಬೈಸಿಕೊಂಡವರು ವಾಯುನೆಲೆಯ ದರ್ಜಿ, ಎಲ್ಲರ ಬಾಯಲ್ಲೂ 'ಗಾಳಿಮಾವ'. ಉಗ್ರಾಣದ ಜಗುಲಿಯಲ್ಲಿ ಕೂತ ಅವರು ದಾರವನ್ನು ಹಲ್ಲಿನಿಂದ ಕಡಿದು, ಹೊಲಿಗೆಯಂತ್ರವನ್ನು ಮತ್ತೆ ತುಳಿಯುತ್ತಾರೆ.

ರನ್‌ವೇ ಪಕ್ಕದ ಕಂಬದಲ್ಲಿ ಹಾರಾಡುವ ಕಿತ್ತಳೆ-ಬಿಳಿ ಪಟ್ಟೆಯ ಗಾಳಿಚೀಲವನ್ನು ನೀವು ನೋಡಿರುತ್ತೀರಿ. ಗಾಳಿ ಯಾವ ಕಡೆಗೆ, ಎಷ್ಟು ಜೋರು ಎಂದು ಪೈಲಟ್‌ಗೆ ಹೇಳುವುದು ಅದೇ. ಅದನ್ನು ಹೊಲಿದವರು ಯಾರೆಂದು ಯಾವತ್ತಾದರೂ ಕೇಳಿದ್ದೇವೆಯೇ? ಇಲ್ಲಿ ಪೈಲಟ್‌ಗಳ ಫೋಟೊ ಗೋಡೆ ತುಂಬ ಇದೆ. ದರ್ಜಿಯ ಫೋಟೊ ಇರುವುದು ಗೇಟ್ ಪಾಸಿನಲ್ಲಿ ಮಾತ್ರ.

ಬಿಸಿಲಿಗೆ ಬಟ್ಟೆ ಬೇಗ ಜಾಳಾಗುತ್ತದೆ, ಒಂದೆರಡು ತಿಂಗಳಿಗೆ ಹೊಸದು ಬೇಕು. ಚೀಲದ ಬಾಯಿಗೆ ಅಲ್ಯೂಮಿನಿಯಂ ಬಳೆ ಕೂರಿಸುವಲ್ಲಿ ಯಂತ್ರ ನಡೆಯದು, ಕೈಹೊಲಿಗೆಯೇ ಗತಿ. "ಒಂದು ಸುತ್ತು ಹೊಲಿದು, ಬಟ್ಟೆ ತಿರುವಿ ಅದರ ಮೇಲೇ ಇನ್ನೊಂದು ಸುತ್ತು. ನಮ್ಮಪ್ಪ ಗುಡಾರ ಹೊಲೀತಿದ್ದ, ಅವನ ಕೈ ನಂದು," ಎಂದು ಗಾಳಿಮಾವ ಜಡ್ಡುಗಟ್ಟಿದ ಬೆರಳು ತೋರಿಸುತ್ತಾರೆ. ಹೆಂಡತಿಯ ದೂರೇ ಬೇರೆ: "ನನಗೊಂದು ಗುಂಡಿ ಹಚ್ಚಿಕೊಡಿ ಅಂದ್ರೆ ನಾಳೆ ಅಂತಾರೆ. ಆ ಚೀಲ ಕಂಡ್ರೆ ಊಟಾನೂ ನೆನಪಿರಲ್ಲ!"

ಹೋದ ವಾರ ಬಿರುಗಾಳಿ ಬೀಸಿದ ಸಂಜೆ, ಆಕಾಶದಲ್ಲಿ ಬಾಯ್ತೆರೆದು ಮಿರುಗುವ ಏನೋ ಒಂದು ತೇಲುತ್ತಿದೆಯೆಂದು ಊರಿನವರು ವಾಯುನೆಲೆಗೆ ಫೋನ್ ಮೇಲೆ ಫೋನ್ ಮಾಡಿದರು. ವಿಮಾನಗಳು ಎದ್ದವು, ತನಿಖೆ ಶುರುವಾಯಿತು. ಕೊನೆಗೆ ಆ 'ಅಪರಿಚಿತ ವಸ್ತು' ಹಳೆ ಗಿರಣಿಯ ಚಾವಣಿಯ ಮೇಲೆ ಮಗುಚಿಕೊಂಡಿತ್ತು. ನೋಡಿದರೆ ಗಾಳಿಮಾವನ ಚೀಲ!

ಹೊಲಿಗೆ ಬಿಟ್ಟೇ ಹಾರಿದೆಯೆಂದು ಉಗ್ರಾಣದ ಸಾಹೇಬರು ತೀರ್ಪು ಕೊಟ್ಟಾಗಿದೆ. ತನಿಖೆಯೂ ಅದನ್ನೇ ಹೇಳಿದರೆ ಗಾಳಿಮಾವ ಯಂತ್ರದ ಸಮೇತ ಗೇಟಿನಾಚೆ. "ಕೆಲಸ ಹೋದ್ರೆ ಹೋಗ್ಲಿ. ಕೈ ಕೆಟ್ಟದ್ದು ಅನ್ನಿಸ್ಕೊಂಡು ಹೋಗಲ್ಲ," ಎನ್ನುತ್ತಾರೆ.

ಹಾಜರಿ ಮುಗಿಯುವಷ್ಟರಲ್ಲಿ ತನಿಖೆಯ ಮೇಡಂ ಬರುತ್ತಾರೆ. ಸಿಕ್ಕಿದ ಚೀಲವನ್ನು ಜಗುಲಿಯಲ್ಲಿ ಹಾಸಿಸಿ, ಬಳೆಗೊಬ್ಬ, ಬಟ್ಟೆಗೊಬ್ಬ ಗಟ್ಟಿ ಸಿಪಾಯಿಯನ್ನು ನಿಲ್ಲಿಸುತ್ತಾರೆ. "ಎಳೀರಿ. ಇನ್ನೂ! ತಿಂಡಿ ತಿಂದಿಲ್ವಾ?"

ಇಬ್ಬರ ಮುಖವೂ ಕೆಂಪೇರುತ್ತದೆ. ಒಬ್ಬ ಕೈಜಾರಿ ಕುಂಡೆ ಊರುತ್ತಾನೆ. ಹೊಲಿಗೆ ಮಾತ್ರ ಒಂದೆಳೆಯೂ ಬಿಡುವುದಿಲ್ಲ. ಬಳೆಯನ್ನು ಕಂಬಕ್ಕೆ ಬಿಗಿದಿದ್ದ, ಈಗ ಮುರಿದು ಬಳೆಯ ಜೊತೆಗೇ ಬಂದ ಬೋಲ್ಟನ್ನು ಮೇಡಂ ಉಜ್ಜಿದರೆ ತುಕ್ಕು ಪುಡಿಪುಡಿಯಾಗಿ ಉದುರುತ್ತದೆ.

"ಹೊಲಿಗೆ ಸರಿಯಾಗಿದೆ. ಬೋಲ್ಟ್ ಬದಲಾಯಿಸೋದು ಯಾರ ಕೆಲಸ?"

ಎಲ್ಲರ ಕಣ್ಣೂ ಉಗ್ರಾಣದ ಸಾಹೇಬರ ಮೇಲೆ. ಅವರು ಸಿಡಿದು ಗಾಳಿಮಾವನತ್ತ ತಿರುಗುತ್ತಾರೆ: "ಅಲ್ಲಯ್ಯಾ, ಅಷ್ಟು ಗಟ್ಟಿ ಯಾಕೆ ಹೊಲಿದೆ? ಚೂರು ಸಡಿಲ ಬಿಟ್ಟಿದ್ರೆ ಚೀಲ ಅಲ್ಲೇ ಹರಿದು ಬೀಳ್ತಿತ್ತು, ನನ್ನ ಮಾನ ಉಳೀತಿತ್ತು!"

ಸಿಪಾಯಿಗಳು ಗೊಳ್ಳೆನ್ನುತ್ತಾರೆ. ಗಾಳಿಮಾವ ಹೊಸ ಚೀಲವನ್ನು ಹೆಗಲಿಗೇರಿಸಿಕೊಂಡು ಸಾಹೇಬರ ಪಕ್ಕದಿಂದಲೇ ಹಾದು ಕಂಬದ ಕಡೆ ನಡೆಯುತ್ತಾರೆ.