ಪ್ರಭಾ ಬೇಡವೆಂದ ಕೆಲಸ

ಕ್ಯಾಂಪ್‌ಬೆಲ್‌ನ ಪ್ರಭಾಳಿಗೆ ಹೊಟ್ಟೆಕಿಚ್ಚು ಹುಟ್ಟುಗುಣವೇನಲ್ಲ. ವಾರಗಿತ್ತಿ ಫ್ರೀಮಾಂಟಿನಲ್ಲಿ ಎರಡನೇ ಮನೆ ಕೊಂಡಾಗಲೂ ಹೋಗಿ ಎರಡು ಲೋಟ ಪಾಯಸ ಕುಡಿದು, ಮನಸಾರೆ ಹರಸಿ ಬಂದವಳು. ಆದರೆ ನಿಸರ್ಗಾಳ ಹೆಸರು ಕೇಳಿದರೆ ಮಾತ್ರ ಮೈಯೆಲ್ಲ ಉರಿ. ಉರಿಯದೆ ಇನ್ನೇನು? ಅವಳನ್ನು ಕಾಲೇಜಿಗೆ ಎಳೆದುಕೊಂಡು ಹೋದವಳೇ ಇವಳು!

ಮೈಸೂರಿನಲ್ಲಿದ್ದಾಗ ಪ್ರಭಾ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದಳು. ಮದುವೆಯಾಗಿ ಈ ಪರದೇಶಕ್ಕೆ ಬಂದ ಮೇಲೆ ರಘೋತ್ತಮನ ಹೆಂಡತಿಯಾದಳು, ಆಮೇಲೆ ತನ್ವಿಯ ಅಮ್ಮನಾದಳು, ಅಲ್ಲಿಗೆ ಮುಗಿಯಿತು. ಮಗಳು ಎತ್ತರಕ್ಕೆ ಬೆಳೆದ ಮೇಲೆ ಹಟ ಹಿಡಿದು ಕಮ್ಯೂನಿಟಿ ಕಾಲೇಜಿನಲ್ಲಿ ಎಜುಕೇಶನಲ್ ಟೆಕ್ನಾಲಜಿಯ ಅಸೋಸಿಯೇಟ್ ಡಿಗ್ರಿಗೆ ಸೇರಿದಳು. ಕಂಪ್ಯೂಟರು, ವಿಡಿಯೋ ಇಟ್ಟುಕೊಂಡು ಮಕ್ಕಳಿಗೆ ಪಾಠ ಕಟ್ಟುವುದು ಹೇಗೆ ಎಂಬುದೇ ಅಲ್ಲಿನ ಓದು. ಎರಡು ವರ್ಷ ಮುಗಿಸಿದರೆ ಮತ್ತೆ ಶಾಲೆಯೊಂದರ ಒಳಗೆ ಕಾಲಿಡಬಹುದು, ಮತ್ತೆ ಯಾರಾದರೂ ಟೀಚರ್ ಎನ್ನಬಹುದು. ಅವಳ ಆಸೆ ಅದೊಂದೇ.

ಕಷ್ಟವೆಂದರೆ ಕಾಲೇಜಿಗೆ ಹೋಗುವ ಹೆದ್ದಾರಿ, ಆ ಫ್ರೀವೇ. ಲೇನು ಬದಲಿಸಬೇಕೆಂದರೆ ಪ್ರಭಾಳಿಗೆ ಜೀವ ಬಾಯಿಗೆ ಬರುತ್ತಿತ್ತು. ಅದಕ್ಕೇ ಅದೇ ಅಪಾರ್ಟ್‌ಮೆಂಟಿನ ನಿಸರ್ಗಾಳನ್ನು, ಹಾಸನದ ಕಡೆಯ, ತನಗಿಂತ ಬಹಳ ಚಿಕ್ಕವಳನ್ನು, "ಬಾರೇ, ಜೊತೇಲಿ ಓದೋಣ" ಎಂದು ಪುಸಲಾಯಿಸಿದಳು. ಓದು ಬರೀ ನೆಪ. ಬೇಕಾಗಿದ್ದದ್ದು ಡ್ರೈವರು.

ಡ್ರೈವರಾಗಿ ಬಂದವಳು ಕ್ಲಾಸಿಗೇ ಮೊದಲಿಗಳಾಗಿ ಕುಳಿತಳು. ನೀರು ಆವಿಯಾಗುವ ಪಾಠಕ್ಕೆ ಪ್ರಭಾ ವಾರವೆಲ್ಲ ಕೂತು ಬಣ್ಣಬಣ್ಣದ ಸ್ಲೈಡು ಮಾಡಿದರೆ, ಆ ಮಹಾತಾಯಿ ಅನ್ನಕ್ಕಿಟ್ಟ ಕುಕ್ಕರಿನ ಆವಿಯನ್ನೇ ಫೋನಿನಲ್ಲಿ ಹಿಡಿದು ಪಾಠ ಮುಗಿಸಿಬಿಟ್ಟಳು! ಪ್ರೊಫೆಸರ್ ಡೋನಾ ಇಡೀ ಕ್ಲಾಸಿಗೆ ತೋರಿಸಿದ್ದು ಕುಕ್ಕರನ್ನು. ಮನೆಯಲ್ಲಿ ತನ್ವಿ ಎರಡನ್ನೂ ನೋಡಿ, "ಅಮ್ಮಾ, ಹರ್ಸ್ ಈಸ್ ಮೋರ್ ಫನ್" ಎಂದಳು. ಹೆತ್ತ ಮಗಳು! ಅವತ್ತು ಸಾರಿಗೆ ಉಪ್ಪು ಎರಡು ಸಲ ಬಿತ್ತು.

ಕೊನೆಯ ಸೆಮಿಸ್ಟರಿನಲ್ಲಿ ಪ್ರೈಮರಿ ಶಾಲೆಯೊಂದು ಕಂಪ್ಯೂಟರ್ ಪಾಠ ಕಟ್ಟಿಕೊಡಲು ಕಾಲೇಜಿನಿಂದ ಒಬ್ಬರನ್ನು ಕೇಳಿತು. ಡೋನಾ ಇಬ್ಬರನ್ನೂ ಕರೆದು ಕೂರಿಸಿ, ಪ್ರಭಾಳ ಕಡೆಗೇ ತಿರುಗಿದಳು. ನಿನಗೆ ಕ್ಲಾಸ್‌ರೂಮಿನ ಅನುಭವವಿದೆ, ನಿನ್ನ ಹೆಸರು ಕಳಿಸೋಣ ಅಂದುಕೊಂಡಿದ್ದೇನೆ, ಆಗಬಹುದಾ ಎಂದು ಕೇಳಿದಳು.

ಪ್ರಭಾಳ ಎದೆ ಕುಣಿಯಿತು. ಆದರೆ ಮೈಸೂರಿನ ಮರ್ಯಾದೆ ಬಿಡಬೇಕಲ್ಲ! ಎಲೆಗೆ ಎರಡನೇ ಹೋಳಿಗೆ ಬಂದರೆ, ಎಷ್ಟೇ ಆಸೆಯಿರಲಿ, ಕೈ ಅಡ್ಡ ಹಿಡಿಯಬೇಕು. ಬಡಿಸುವವರು ಬಲವಂತ ಮಾಡಬೇಕು, ಆಮೇಲೆ ತಿನ್ನಬೇಕು. ಅದೇ ರೂಢಿಯಲ್ಲಿ ಪ್ರಭಾ, ಅಯ್ಯೋ ನನ್ನದೇನಿದೆ, ನಿಸರ್ಗಾ ನನಗಿಂತ ಚೆನ್ನಾಗಿ ಮಾಡುತ್ತಾಳೆ, ಅವಳಿಗೇ ಕೊಡಿ ಎಂದು ಇಂಗ್ಲಿಷಿನಲ್ಲಿ ಉಪಚಾರ ಮಾಡಿ, ತಲೆ ತಗ್ಗಿಸಿ, ಬಲವಂತಕ್ಕೆ ಕಾದಳು.

ಡೋನಾಳಿಗೆ ಈ ಊಟದ ಮನೆ ಸಂಪ್ರದಾಯ ಎಲ್ಲಿಂದ ತಿಳಿಯಬೇಕು? ಎಂಥ ದೊಡ್ಡ ಮನಸ್ಸು ನಿನ್ನದು ಎಂದು ಪ್ರಭಾಳ ಭುಜ ತಟ್ಟಿ, ನಿಸರ್ಗಾಳ ಹೆಸರನ್ನು ಕಳಿಸುವುದೆಂದು ಅಲ್ಲೇ ನಿಶ್ಚಯ ಮಾಡಿದಳು.

ವಾಪಸು ಬರುವಾಗ ಕಾರಿನಲ್ಲಿ ಪ್ರಭಾ ಸೀಟ್‌ಬೆಲ್ಟನ್ನು ಹಿಂಡುತ್ತಾ ಕುಳಿತಿದ್ದಳು. ಫ್ರೀವೇ ಹತ್ತಿದ ಮೇಲೆ ನಿಸರ್ಗಾಳೇ ಬಾಯಿ ತೆರೆದಳು.

"ಪ್ರಭಕ್ಕಾ, ನೀವು ಸುಮ್ನೆ ಉಪಚಾರಕ್ಕೆ ಬೇಡ ಅಂದ್ರಿ ಅಲ್ವಾ? ಆ ಮೇಡಮ್ಮಿಗೆ ಗೊತ್ತಾಗಲ್ಲ, ನಂಗೆ ಗೊತ್ತಾಗಲ್ವಾ? ನಿಮಗೆ ಬೇಕಿದ್ರೆ ಹೇಳಿ, ಮನೆಗೆ ಹೋದ ತಕ್ಷಣ ಈಮೇಲು ಹಾಕ್ತೀನಿ, ನಿಮಗೇ ಕೊಡಿ ಅಂತ."

ಬೇಕು ಎಂಬ ಮಾತು ಪ್ರಭಾಳ ನಾಲಿಗೆಯ ತುದಿಗೇ ಬಂದಿತ್ತು. ಅಂದುಬಿಟ್ಟಿದ್ದರೆ ಕೆಲಸ ಅವಳದೇ. ಆದರೆ ಕೊಡುತ್ತಿರುವವಳು ಯಾರು? ತಾನು ಕರೆತಂದ ಡ್ರೈವರು! ನಾಳೆ ಊರೆಲ್ಲ, "ನಾನೇ ಬಿಟ್ಕೊಟ್ಟೆ, ಪಾಪ" ಎಂದು ಹೇಳಿಕೊಂಡು ಬಂದಾಳು. ಹೇಳದಿದ್ದರೂ ಆ ಶಾಲೆಯ ಬಾಗಿಲು ದಾಟುವಾಗೆಲ್ಲ ತನಗೇ ನೆನಪಾದೀತು. ಥೂ, ಆ ಕುಕ್ಕರಿನವಳ ಭಿಕ್ಷೆ ಯಾರಿಗೆ ಬೇಕು?

"ಅಯ್ಯೋ ನಂಗ್ಯಾಕೆ ಕಣೇ," ಎಂದಳು ಪ್ರಭಾ. "ಮನೆ ಕೆಲಸಾನೇ ಹಾಸಿ ಹೊದೆಯೋಷ್ಟಿದೆ. ನೀನೇ ಹೋಗು."

"ನಿಜವಾಗ್ಲೂ?"

"ದೇವರಾಣೆಗೂ."

ನಿಸರ್ಗಾ ಉಸಿರುಬಿಟ್ಟಳು. ಮುಖವೆಲ್ಲ ನಗು. "ಥ್ಯಾಂಕ್ಸ್ ಅಕ್ಕಾ! ಕೇಳೋಕೇ ಭಯ ಆಗಿತ್ತು, ಎಲ್ಲಿ ಬೇಕು ಅಂದುಬಿಡ್ತೀರೋ ಅಂತ. ನಂಗೆ ಎಷ್ಟು ಆಸೆ ಇತ್ತು ಗೊತ್ತಾ?"

ಎಷ್ಟು ಸಲೀಸಾಗಿ ಅಂದುಬಿಟ್ಟಳು, ಆಸೆ ಇತ್ತು ಅಂತ! ಕೆಲಸ ಹೋದದ್ದಕ್ಕಿಂತ ಆ ಮಾತಿಗೇ ಪ್ರಭಾಳ ಹೊಟ್ಟೆ ಹೆಚ್ಚು ಉರಿಯಿತು. ಕಿಟಕಿಯ ಕಡೆ ಮುಖ ತಿರುಗಿಸಿ, "ಒಳ್ಳೇದಾಗ್ಲಿ ಬಿಡು" ಎಂದಳು.