ಕೇಳದಿದ್ದರೆ ಸೂತಕವಿಲ್ಲ

ನಿಮ್ಮ ತಾಯಿ ಹೋಗುವ ಮುನ್ನ ನಿಮ್ಮನ್ನು ಕೇಳಿದ್ದರು. ನಿಮ್ಮ ಧ್ವನಿಯನ್ನು ಒಂದು ಸಲ ಕೇಳಿಸಿ ಎಂದಿದ್ದರು. ನಾನು ಕೇಳಿಸಲಿಲ್ಲ. ಆಗ ನೀವು ಕೆಳಗಿನ ಜಗಲಿಯಲ್ಲಿ, ಕೂಗಿದರೆ ಓಗೊಡುವಷ್ಟು ಹತ್ತಿರದಲ್ಲಿದ್ದಿರಿ. ನಿಮ್ಮ ಫೋನು ನನ್ನ ಕೈಯಲ್ಲಿತ್ತು.

ಬರೆದುಬಿಟ್ಟೆ. ಇಷ್ಟನ್ನು ಹೇಳಲು ಇಷ್ಟು ವರ್ಷ ಬೇಕಾಯಿತು — ಹೆದರಿಕೆಯಿಂದ ಎಂದರೆ ಅರ್ಧ ನಿಜ. ಉಳಿದರ್ಧ ಅಭ್ಯಾಸ. ನಡುಮನೆಯಲ್ಲಿ ದೊಡ್ಡ ಸೋಫಾ ತಂದು ಹಾಕಿದರೆ ಮೊದಲು ಕಾಲಿಗೆ ತಗಲುತ್ತದೆ, ಆಮೇಲೆ ಬಳಸಿಕೊಂಡು ಓಡಾಡುವುದು ರೂಢಿಯಾಗುತ್ತದೆ. ಸುಳ್ಳೂ ಹಾಗೆಯೇ. ನಾಳೆ ಅತ್ತೆಯವರ ತಿಥಿ. ನೀವು ಕೆಳಗೆ ಬೇಸ್‌ಮೆಂಟಿನಲ್ಲಿ ದರ್ಭೆ ಹುಡುಕುತ್ತಿದ್ದೀರಿ. ಡಬ್ಬಗಳನ್ನು ಸರಿಸುವ ಸದ್ದು ಇಲ್ಲಿಗೆ ಕೇಳುತ್ತಿದೆ.

ಒಪಾಟಿಯಾ ನಿಮಗೆ ನೆನಪಿದೆ. ಆಡ್ರಿಯಾಟಿಕ್ ಕಡಲ ದಂಡೆಯ ಆ ಹಳೆಯ ಊರು — ಹಿಂದೆ ರಾಜರಾಣಿಯರು ಚಳಿಗಾಲ ಕಳೆಯಲು ಬರುತ್ತಿದ್ದ, ಹಳದಿ ಬಣ್ಣದ ಬಂಗಲೆಗಳ, ಕಡಲನ್ನೇ ಒತ್ತಿಕೊಂಡು ಮೈಲಿಗಟ್ಟಲೆ ಸಾಗುವ ಕಲ್ಲುದಾರಿಯ ಊರು. ನಮ್ಮ ಅನಘಾ ಅಲ್ಲಿಯೇ ಮದುವೆಯಾಗುತ್ತೇನೆಂದಾಗ ನೀವು ನಕ್ಕಿದ್ದಿರಿ. ಹುಡುಗ ಮಾರ್ಕೊ ಶಿಕಾಗೋ ಬಳಿಯ ಓಕ್ ಬ್ರೂಕಿನಲ್ಲಿ ಬೆಳೆದವನು, ಆದರೆ ಅವನ ಅಜ್ಜಿ ಒಪಾಟಿಯಾ ಬಿಟ್ಟು ಕದಲಿದವಳಲ್ಲ. ಅವಳ ಕಣ್ಣೆದುರು ಮದುವೆ ಆಗಲಿ ಎಂದು ಮಕ್ಕಳ ಆಸೆ. ಅಜ್ಜಿಯ ಮೇಲಿನ ಆ ಪ್ರೀತಿಗೆ ನಾನು ತಲೆದೂಗಿದೆ. ಇನ್ನೊಬ್ಬ ಅಜ್ಜಿ, ಅನಘಾಳ ಅಜ್ಜಿ, ಹುಬ್ಬಳ್ಳಿಯಲ್ಲಿ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾಳೆ ಎಂಬುದು ನಮಗ್ಯಾರಿಗೂ ಮರೆತಿರಲಿಲ್ಲ. ಆದರೂ ಟಿಕೆಟ್ ಮಾಡಿದೆವು.

ನಿಮಗೆ ಮೊದಲು ಹುಬ್ಬಳ್ಳಿಗೆ ಹೋಗಿಬರಬೇಕೆಂದಿತ್ತು. ಬೇಡವೆಂದವಳು ನಾನು. ಹೃದಯ ದುರ್ಬಲವಾಗಿದೆ, ಆದರೆ ಮದುವೆ ಮುಗಿಸಿ ಹೋದರೂ ನಡೆಯುತ್ತದೆ ಎಂದೆ. ಅದು ಸುಳ್ಳಲ್ಲ — ಆಗ ನನಗೆ ಹಾಗೆಯೇ ಕಂಡಿತ್ತು. ಅತ್ತೆಗೆ ಫೋನಿನಲ್ಲಿ ನೀವೇ ಹೇಳಿದಿರಿ. ಅವರು ಸಿಟ್ಟಾಗಿ, “ಈಗ ಬರಾಂವ ಅಲ್ಲ ಅಂದ್ರ ಆಮ್ಯಾಲೆ ಬರಬ್ಯಾಡ ಬಿಡು” ಎಂದು ಫೋನಿಟ್ಟರು. ನಿಮ್ಮ ಪಾಲಿಗೆ ಅವರ ಕೊನೆಯ ಮಾತು ಅದೇ ಆಗಿ ಉಳಿದಿದೆ. ಅದು ಕೊನೆಯದಲ್ಲ.

ಮದುವೆಯ ಹಿಂದಿನ ದಿನ ಬೆಳಿಗ್ಗೆಯಿಂದಲೇ ಆ ಗಾಳಿ ಶುರುವಾಗಿತ್ತು. ದಕ್ಷಿಣದಿಂದ ಬರುವ ತೇವದ ಗಾಳಿ. ಅಲ್ಲಿಯವರು ಅದನ್ನು ಯೂಗೊ ಎನ್ನುತ್ತಾರೆ. ಆಕಾಶ ಕೆಳಗಿಳಿದು ಕಡಲಿಗೆ ಒರಗಿತ್ತು. ಅಲೆಗಳು ಅಬ್ಬರಿಸುತ್ತಿರಲಿಲ್ಲ, ಸುಮ್ಮನೆ ಉಬ್ಬುತ್ತಿದ್ದವು — ಕಲ್ಲುದಾರಿಯ ಅಂಚಿಗೆ ಬಂದು, ಒಳಗೆ ಬರಲೋ ಬೇಡವೋ ಎಂದು ನಿಂತು, ಹಿಂದೆ ಸರಿಯುತ್ತಿದ್ದವು. ಹೋಟೆಲಿನ ಹಸಿರು ಕಿಟಕಿ ಬಾಗಿಲೊಂದು ಎಲ್ಲೋ ಬಡಿದುಕೊಳ್ಳುತ್ತಿತ್ತು. ಮಾರ್ಕೊನ ಅಜ್ಜಿ — ನೋನಾ ಎನ್ನುತ್ತಿದ್ದೆವಲ್ಲ — ನನ್ನ ಕೈ ಹಿಡಿದು ಅವಳ ಭಾಷೆಯಲ್ಲಿ ಏನೋ ಹೇಳಿದಳು. ಮಾರ್ಕೊ ನಗುತ್ತ ಇಂಗ್ಲಿಷಿನಲ್ಲಿ ತಿಳಿಸಿದ: ಈ ಗಾಳಿ ಬೀಸುವಾಗ ಯಾರೂ ದೊಡ್ಡ ತೀರ್ಮಾನ ಮಾಡಬಾರದಂತೆ, ತಲೆ ನಮ್ಮ ಹಿಡಿತದಲ್ಲಿ ಇರುವುದಿಲ್ಲವಂತೆ. ನಾನೂ ನಕ್ಕೆ. ಡಾಕ್ಟರಲ್ಲವೇ — ಗಾಳಿಗೆ ತಲೆ ಕೆಡುತ್ತದೆಂದರೆ ನಂಬುವವಳೇ!

ಶಿಕಾಗೋದಿಂದ ಬಂದಿದ್ದ ಶಾಸ್ತ್ರಿಗಳು ಬೆಳಿಗ್ಗೆಯೇ ನಾಂದಿ ಮಾಡಿಸಿದ್ದರು. ಪಿತೃಗಳನ್ನು ಕರೆದು, ಮದುವೆಗೆ ಅವರ ಆಶೀರ್ವಾದ ಬೇಡಿಕೊಳ್ಳುವ ಕರ್ಮ. ನೀವು ಪಂಚೆಯುಟ್ಟು ಕೂತಿದ್ದಿರಿ. ಪಂಚೆಗೆಲ್ಲಿಯ ಜೇಬು? ಫೋನನ್ನು ನನ್ನ ಕೈಗೆ ಕೊಟ್ಟು, “ಎರಡ ದಿನಾ ನಿನ್ನ ಹತ್ರನ ಇರ್ಲಿ, ಆಫೀಸಿನವ್ರ ಕಾಟ ಬ್ಯಾಡ” ಎಂದಿರಿ. ಊಟ ಮುಗಿದು ಎಲ್ಲರೂ ಜಗಲಿಯಲ್ಲಿ ಹರಟುತ್ತಿದ್ದಾಗ ನಾನು ಮೇಲೆ ಕೋಣೆಯಲ್ಲಿ ಬಳೆ ಜೋಡಿಸುತ್ತಿದ್ದೆ. ಆಗ ನಿಮ್ಮ ಫೋನು ಅಲುಗಿತು. ಸುಮಿತ್ರಾ.

ನಿಮ್ಮ ತಂಗಿಗೆ ನನ್ನ ಮೇಲೆ ಎಂಥ ನಂಬಿಕೆ ಎಂಬುದು ನಿಮಗೆ ಗೊತ್ತು. ನಿಮ್ಮ ಮನೆತನದಲ್ಲಿ ಯಾರಿಗೆ ನೆಗಡಿಯಾದರೂ ಹುಬ್ಬಳ್ಳಿಯ ಡಾಕ್ಟರು ಬರೆದ ಗುಳಿಗೆ ನನ್ನ ಅಪ್ಪಣೆಯಿಲ್ಲದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅತ್ತಿಗೆ, ಅವಳ ಬಾಯಲ್ಲಿ ವೈನಿ, ಹೂಂ ಅನ್ನಬೇಕು. ನನಗೂ ಅದು ಹಿತವಾಗಿತ್ತು, ಮುಚ್ಚಿಡುವುದೇನು.

“ವೈನಿ, ಅಣ್ಣಾಗ ಕೊಡ್ರಿ. ಅವ್ವ ನಿನ್ನಿಯಿಂದ ಏನೂ ತಗೊಂಡಿಲ್ಲ. ಉಸರು ಒಮ್ಮೆ ಜೋರು ಆಗ್ತದ, ಒಮ್ಮೆ ನಿಂತಂಗ ಆಗ್ತದ. ಕಾಲು ತಣ್ಣಗ ಆಗ್ಯಾವ...”

ಅವಳು ಹೇಳುತ್ತಿದ್ದಂತೆಯೇ ನನಗೆ ತಿಳಿಯಿತು. ಜೋರಾಗಿ, ನಿಂತು, ಮತ್ತೆ ಶುರುವಾಗುವ ಆ ಉಸಿರನ್ನು ನಾನು ಎಷ್ಟು ಹಾಸಿಗೆಗಳ ಪಕ್ಕ ನಿಂತು ಕೇಳಿಲ್ಲ! ಮನೆಯವರನ್ನು ಹೊರಗೆ ಕರೆದು, ದೂರದ ಮಕ್ಕಳಿದ್ದರೆ ಈಗಲೇ ಫೋನ್ ಮಾಡಿಸಿ ಎಂದು ಹೇಳುವವಳೇ ನಾನು. ಅಪರಿಚಿತರಿಗೆ ಎಂದೂ ತಪ್ಪದೆ ಹೇಳಿದ್ದೇನೆ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರಲ್ಲ —

ಸುಮಿತ್ರಾಗೆ ನಾನು ಹೇಳಿದ್ದು ಇದು: “ಗಾಬರಿ ಆಗ್ಬೇಡ ಸುಮಿ. ಇನ್ನೂ ಎರಡು ಮೂರು ದಿನ ಏನೂ ಆಗಲ್ಲ. ನಾನು ಡಾಕ್ಟರ್ ಆಗಿ ಹೇಳ್ತಿದ್ದೀನಿ. ನಾಳೆ ಮದುವೆ ಮುಗೀಲಿ, ನಿಮ್ಮಣ್ಣನ್ನ ನಾನೇ ಕಳಿಸ್ತೀನಿ.”

ಮುಂದೆ ನೀವೆಲ್ಲ ಇದನ್ನು ನನ್ನ ತಪ್ಪು ಅಂದಾಜು ಎಂದಿರಿ. ಸುಮಿತ್ರಾ ಇವತ್ತಿಗೂ, “ನೀವೂ ದೇವರೇನಲ್ಲ ವೈನಿ, ಮನಶ್ಯಾರ ಲೆಕ್ಕ ತಪ್ಪತದ” ಎಂದು ನನ್ನನ್ನು ಸಮಾಧಾನ ಮಾಡುತ್ತಾಳೆ. ಅವಳ ಈ ದೊಡ್ಡತನ ನನ್ನನ್ನು ಸುಡುತ್ತದೆ. ನನ್ನ ಅಂದಾಜು ತಪ್ಪಿರಲಿಲ್ಲ. ಆ ರಾತ್ರಿ ದಾಟುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ಯಾಕೆ? ತಲೆಯಲ್ಲಿ ಓಡುತ್ತಿದ್ದುದು ಒಂದೇ ಶಬ್ದ — ಸೂತಕ. ಅತ್ತೆ ಹೋದರೆ, ಸುದ್ದಿ ತಿಳಿದರೆ, ನೀವು ಧಾರೆಗೆ ಕೂರುವಂತಿಲ್ಲ. ಅಷ್ಟು ದೂರದಿಂದ ಬಂದ ಜನ, ಮಂಟಪ, ಮಗಳು... ಚಿಕ್ಕಂದಿನಲ್ಲಿ ಮೈಸೂರಿನ ನಮ್ಮ ಮನೆಯಲ್ಲಿ ಹಿರಿಯರು ಪಿಸುಗುಟ್ಟುತ್ತಿದ್ದರು: ಕಿವಿಗೆ ಬಿದ್ದಾಗಿನಿಂದ ಸೂತಕ, ಕೇಳದಿದ್ದರೆ ಸೂತಕವಿಲ್ಲ. ನೀವು ಅತ್ತೆಯೊಡನೆ ಮಾತಾಡಿದರೆ ಆ ಉಸಿರು ನಿಮಗೂ ಕೇಳುತ್ತಿತ್ತು. ಕೇಳಿದ ಮೇಲೆ ನೀವು ಜಗಲಿಗೆ ಮರಳಿ ಹೋಗಿ ನಗುವವರಾಗಿರಲಿಲ್ಲ. ಆದ್ದರಿಂದ ನಿಮ್ಮ ಕಿವಿಗೆ ಬೀಳದಂತೆ ನೋಡಿಕೊಂಡೆ.

ಆಗಲೇ ಅತ್ತೆ ಏನೋ ಅಂದರು. ಸುಮಿತ್ರಾ ಫೋನನ್ನು ಅವರ ಬಾಯ ಹತ್ತಿರ ಹಿಡಿದಳು. “ರಾಘ್ಯಾ ಏನು?... ರಾಘ್ಯಾನ ಧ್ವನಿ ಒಮ್ಮೆ ಕೇಳಸ್ರಿ.” ಕೆಳಗಿನಿಂದ ನಿಮ್ಮ ನಗು ಏರಿ ಬಂತು. ನೀವು ಮಾರ್ಕೊನ ಅಪ್ಪನಿಗೆ ನಮ್ಮ ಡೆಟ್ರಾಯಿಟಿನ ಹಿಮದ ಕತೆ ಹೇಳುತ್ತಿದ್ದಿರಿ. ನಾನು ಎದ್ದು ಹೋಗಿ ಕಿಟಕಿ ಮುಚ್ಚಿದೆ.

“ಅವರು ಮಲಗಿದ್ದಾರೆ ಅತ್ತೆ. ಪ್ರಯಾಣದ ಸುಸ್ತು. ನಾಳೆ ಮಾತಾಡ್ತಾರೆ” ಎಂದೆ.

ಸಂಜೆ ನೀವು ನನ್ನನ್ನು ಕಲ್ಲುದಾರಿಯಲ್ಲಿ ವಾಕಿಂಗಿಗೆ ಕರೆದೊಯ್ದಿರಿ. ಯಾರೂ ಇರಲಿಲ್ಲ. ಕಡಲು ದಾರಿಯ ಮೇಲೇ ಬಂದು ಕಾಲು ತೋಯಿಸುತ್ತಿತ್ತು. ಅವ್ವಗ ಫೋನ್ ಮಾಡಲೇನು ಎಂದು ನೀವು ಕೇಳಿದಿರಿ — ನೆನಪಿದೆಯೇ? ಅಲ್ಲೀಗ ಹೊತ್ತಾಗಿದೆ, ಬೆಳಿಗ್ಗೆ ಮಾಡಿ ಎಂದೆ. ಎರಡನೆಯ ಸಲ ಸಿಕ್ಕ ಅವಕಾಶವದು. ನೀವು ಹೂಂ ಎಂದು ನನ್ನ ಸೆರಗು ಗಾಳಿಗೆ ಹಾರದಂತೆ ಹೆಗಲ ಮೇಲೆ ಸರಿಪಡಿಸಿದಿರಿ.

ಮದುವೆಯ ಬೆಳಿಗ್ಗೆ ನಿಮ್ಮ ಫೋನನ್ನು ಸದ್ದಾಗದಂತೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಕೋಣೆಯಲ್ಲಿ ಬಿಟ್ಟರೆ ನೀವು ಹುಡುಕಿಯೀರಿ ಎಂಬ ಭಯ. ಧಾರೆಗೆ ಮುಂಚೆ ಅದು ಅಲುಗತೊಡಗಿತು. ನಿಂತಿತು. ಮತ್ತೆ ಅಲುಗಿತು. ಏನೆಂದು ನನಗೆ ಗೊತ್ತಿತ್ತು, ತೆಗೆದು ನೋಡಬೇಕಿರಲಿಲ್ಲ. ನೋಡದಿದ್ದರೆ ಕೇಳಿದಂತಲ್ಲ — ಎಂಥ ಶಾಸ್ತ್ರಜ್ಞೆ ನಾನು! ಅನಘಾಗೆ ಕೇಳಿಸಿತು. ತಲೆ ಬಗ್ಗಿಸಿಕೊಂಡೇ, “ಅಮ್ಮಾ, ಹೂ ಈಸ್ ಕಾಲಿಂಗ್?” ಎಂದಳು.

“ಯಾರೂ ಇಲ್ಲ ಕಣೇ” ಎಂದೆ.

ನೀವು ಮಗಳ ಕೈ ಹಿಡಿದಿರಿ, ನಾನು ನೀರೆರೆದೆ. ಆ ನೀರು ನಿಮ್ಮ ಬೆರಳ ಸಂದಿಯಿಂದ ಇಳಿಯುವಾಗಲೂ ಫೋನು ನನ್ನ ಸೊಂಟದಲ್ಲಿ ಕೊರೆಯುತ್ತಿತ್ತು. ಫೋಟೋದಲ್ಲಿ ನಾನು ಅಳುತ್ತಿದ್ದೇನೆ. ಮಗಳ ತಾಯಿ ಅಂದಮೇಲೆ ಅಳು ಬಂದೇ ಬರುತ್ತದೆ ಎಂದು ಎಲ್ಲರೂ ಅಂದರು.

ಆ ಹೊತ್ತಿನಲ್ಲಿ ಹುಬ್ಬಳ್ಳಿಯಲ್ಲಿ ಮನೆಯವರು ನಿಮಗಾಗಿ ಕಾಯುತ್ತಿದ್ದರು. ಅತ್ತೆಯ ದೇಹವನ್ನು ಇಡಬೇಕೋ, ತೆಗೆಯಬೇಕೋ — ಮಗ ಒಂದು ಮಾತು ಹೇಳಲಿ ಎಂದು. ನಿಮ್ಮ ಫೋನು ಎತ್ತುವವರಿಲ್ಲ, ನನ್ನದು ಮೊದಲೇ ಆಫ್. ಕಡೆಗೆ ಸುಮಿತ್ರಾಳ ಗಂಡನೇ ಕೊಳ್ಳಿಯಿಟ್ಟರು. ಊಟ ಮುಗಿದು, ಜನ ಚದುರಿ, ಮಕ್ಕಳು ಹೊರಟ ಮೇಲೆ ನಾನು, “ಈಗ ಸುದ್ದಿ ಬಂತು ರೀ” ಎಂದೆ. ನೀವು ಹುಬ್ಬಳ್ಳಿ ಮುಟ್ಟಿದಾಗ ನಿಮಗೆ ಸಿಕ್ಕಿದ್ದು ಅಸ್ಥಿ. ಸುಮಿತ್ರಾಗೆ ನಾನು ಮೊದಲೇ ಹೇಳಿದ್ದೆ — ಅತ್ತೆ ಕೇಳಿದ್ದನ್ನು ನಿಮ್ಮಣ್ಣನಿಗೆ ಹೇಳಬೇಡ, ಜೀವಮಾನವಿಡೀ ಕೊರಗುತ್ತಾರೆ. ನಿಮ್ಮ ಮೇಲಿನ ಕನಿಕರಕ್ಕೆ ಅವಳು ಬಾಯಿ ಮುಚ್ಚಿಕೊಂಡಳು. ನಾನು ಕಾಪಾಡಿದ್ದು ನಿಮ್ಮನ್ನಲ್ಲ.

ಇಷ್ಟೇ ಆಗಿದ್ದರೆ ಮಗಳಿಗಾಗಿ ಮಾಡಿದೆ ಎಂದು ಇನ್ನೂ ಕೆಲವು ವರ್ಷ ನನ್ನನ್ನು ನಾನು ನಂಬಿಸಿಕೊಳ್ಳುತ್ತಿದ್ದೆನೇನೋ. ಹೋದ ಬೇಸಿಗೆಯಲ್ಲಿ ಶಿಕಾಗೋ ಪಕ್ಕದ ಅರೋರಾದ ಆ ಮದುವೆಗೆ ಹೋಗಿದ್ದೆವಲ್ಲ? ಅಲ್ಲಿ ಹುಡುಗನ ದೊಡ್ಡಪ್ಪ ಹಿಂದಿನ ದಿನವೇ ಊರಲ್ಲಿ ತೀರಿಕೊಂಡರೆಂದು ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ಹಾಗಿದ್ದರೆ ಮದುವೆ ಹೇಗೆ ನಡೆಯುತ್ತಿದೆ ಎಂದೆ. ಸೀರೆಯ ನಿರಿಗೆ ಸರಿಮಾಡಿಕೊಳ್ಳುತ್ತಿದ್ದ ಒಬ್ಬ ಆಂಟಿ, “ನಾಂದಿ ಆಗಿತ್ತಲ್ಲಮ್ಮ. ನಾಂದಿ ಆದ್ಮೇಲೆ ಮದುವೆಗೆ ಸೂತಕ ತಟ್ಟಲ್ಲ. ತೀರಾ ಹತ್ತಿರದವರು ಹೋದ್ರೆ ಬೇರೆ ಯಾರಾದ್ರೂ ಧಾರೆ ಎರೆದುಕೊಡ್ತಾರೆ, ಅಷ್ಟೇ. ನಿಮ್ಕಡೆ ಇಲ್ವಾ?” ಎಂದರು.

ನಮ್ಮ ಕಡೆಯೂ ಇದೆ. ನನಗೆ ಗೊತ್ತಿರಲಿಲ್ಲ. ಅಂದು ಒಪಾಟಿಯಾದಲ್ಲಿ ಶಾಸ್ತ್ರಿಗಳು ಕೆಳಗೇ, ನಿಮ್ಮ ಪಕ್ಕದ ಕುರ್ಚಿಯಲ್ಲೇ ಕಾಫಿ ಕುಡಿಯುತ್ತಿದ್ದರು. ಒಂದು ಮಾತು ಕೇಳಿದ್ದರೆ — ನಿಮಗೆ ಫೋನು ಕೊಟ್ಟಿದ್ದರೂ ಮದುವೆ ನಡೆಯುತ್ತಿತ್ತು. ಮಗಳಿಗೆ ಗಂಡ ಸಿಗುತ್ತಿದ್ದ, ಅತ್ತೆಗೆ ಮಗ ಸಿಗುತ್ತಿದ್ದ. ಯಾವ ಸೂತಕಕ್ಕೆ ಹೆದರಿ ಕಿಟಕಿ ಮುಚ್ಚಿದೆನೋ ಅದು ಆ ಕೋಣೆಗೆ ಬರುವುದೇ ಇರಲಿಲ್ಲ.

ಅಂದು ಅರೋರಾದಿಂದ ವಾಪಸು ಬರುವಾಗ, ಮಿಶಿಗನ್ ಗಡಿ ದಾಟಿದ ಮೇಲೆ ನೀವೇ, ರಸ್ತೆಯ ಮೇಲಿನ ಕಣ್ಣು ತೆಗೆಯದೆ, “ಅವ್ವ ನನ್ನ ಮ್ಯಾಲೆ ಸಿಟ್ಟು ಇಟಗೊಂಡ ಹೋದ್ಳು ನೋಡು. ಕಡೀಕೂ ನನ್ನ ಕರೀಲಿಲ್ಲ” ಎಂದಿರಿ. ಆಗ ಹೇಳಬಹುದಿತ್ತು. ನಾನು, ನಮ್ಮ ಎಕ್ಸಿಟ್ ಬಂತು ನೋಡಿ ಎಂದೆ. ವರ್ಷವರ್ಷವೂ ಪಿಂಡಕ್ಕೆ ಕೈಮುಗಿಯುವಾಗ ನೀವು ಅವರ ಕ್ಷಮೆ ಕೇಳುವುದನ್ನು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ್ದೇನೆ. ಮಾಡದ ತಪ್ಪಿಗೆ ನೀವು ಕ್ಷಮೆ ಕೇಳುತ್ತೀರಿ, ಮಾಡಿದವಳು ಪಾಯಸ ತಿರುವುತ್ತಿರುತ್ತಾಳೆ.

ನಾಳೆ ಹಾಗಾಗಬಾರದು. ಇದನ್ನು ಬರೆದದ್ದು ನಿಮ್ಮ ಕೈಗಿಟ್ಟು ಓಡಿಹೋಗಲು ಅಲ್ಲ. ಎದುರಿಗೆ ನಿಂತಾಗ ನಾಲಿಗೆ ತೊಡರಬಾರದೆಂದು. ನೀವು ಮೇಲೆ ಬಂದ ಕೂಡಲೇ, ಶ್ರಾದ್ಧಕ್ಕೆ ಮೊದಲೇ, ಹೇಳುತ್ತೇನೆ. ಆಮೇಲೆ ಸುಮಿತ್ರಾಗೂ. ನಂತರ ನೀವು ನನ್ನ ಜೊತೆ ಮಾತಾಡುತ್ತೀರೋ, ಈ ಮನೆಯಲ್ಲಿ ಇರುತ್ತೀರೋ, ನನಗೆ ಗೊತ್ತಿಲ್ಲ. ಕೇಳುವ ಹಕ್ಕೂ ನನಗಿಲ್ಲ.

ಆದರೆ ಒಂದು ಮಾತು ನಿಮ್ಮದು, ನಾನು ಇಷ್ಟು ವರ್ಷ ಇಟ್ಟುಕೊಂಡುಬಿಟ್ಟಿದ್ದೇನೆ. ನೀವು ಮಲಗಿದ್ದೀರಿ ಎಂದು ನಾನು ಹೇಳಿದಾಗ ಆ ಕಡೆ ಉಸಿರು ನಿಂತು, ಮತ್ತೆ ಬಂದು, ನಿಮ್ಮವ್ವ ಅಂದರು:

“ಎಬ್ಬಸಬ್ಯಾಡವಾ. ಮಲಕೊಳ್ಳಲಿ. ದಣದಿರ್ತಾನ ನನ್ನ ಮಗ.”