ಮೂರು ಕೊಂಬಿನ ರೊಟ್ಟಿ

ಯಜಮಾನರು ಕಂಪ್ಯೂಟರ್ ಕೆಲಸದವರಿಗೆ ಆಗ ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಸಿಂಡೆಲ್‌ಫಿಂಗೆನ್‌ಗೆ ಬಂದ ಕಾಲ. ನನಗೆ ಕೆಲಸವಿಲ್ಲ, ಭಾಷೆಯಿಲ್ಲ. ಇದ್ದ ಒಬ್ಬಳೇ ಗೆಳತಿ ಮೇಲಿನ ಮನೆಯ ಈಜಿಪ್ಟಿನವಳು. ನೈಲ್ ನದಿಯ ದಂಡೆಯ ಅಖ್ಮೀಮ್ ಅವಳ ಊರು. ಇಬ್ಬರದೂ ಹರಕುಮುರುಕು ಜರ್ಮನ್, ಆದರೂ ಮಾತು ಮುಗಿಯುತ್ತಿರಲಿಲ್ಲ. ಅವರ ಊರಿನಲ್ಲಿ ಮನೆಗೆ ಪಾಯ ತೋಡಿದರೆ ಹಳೆಯ ಕಾಲದ ಕೆತ್ತನೆಯ ಕಲ್ಲು ಏಳುತ್ತದಂತೆ; ಸರ್ಕಾರದವರು ಬಂದಾರೆಂದು ಜನ ಸದ್ದಿಲ್ಲದೆ ಮಣ್ಣು ಮುಚ್ಚುತ್ತಾರಂತೆ. ಸಂತೆಯ ದಿನ ಸುತ್ತಲಿನ ಹಳ್ಳಿಗಳ ಹೆಂಗಸರು ದೋಣಿಯಲ್ಲಿ ರೊಟ್ಟಿ ತರುತ್ತಿದ್ದರು. ಅಂಚಿನ ಆಕಾರ ನೋಡಿಯೇ ಯಾವ ಹಳ್ಳಿಯದೆಂದು ಹೇಳಬಹುದಿತ್ತು. ಅವಳ ಅಜ್ಜಿಯ ಹಳ್ಳಿಯದಕ್ಕೆ ಮೂರು ಕೊಂಬು.

ಬೇಸಿಗೆಯಲ್ಲಿ ಅವಳು ಕಣಕವನ್ನು ಬಾಲ್ಕನಿಯ ಬಿಸಿಲಿಗಿಟ್ಟು ಉಬ್ಬಿಸಿ, ಆ ಮೂರು ಕೊಂಬಿನ ರೊಟ್ಟಿ ಸುಡುತ್ತಿದ್ದಳು. ಪ್ರತಿ ಶನಿವಾರ ಒಂದು ನನಗೆ.

"ಹಿಟ್ಟು, ಉಪ್ಪು, ನೀರು. ಅಷ್ಟೇ. ನೀನೂ ತಿನ್ನಬಹುದು," ಎಂದು ಮೊದಲ ದಿನವೇ ಹೇಳಿದ್ದಳು.

ನಾನು ತಿನ್ನಲಿಲ್ಲ. ಅದೇ ಒಲೆಯಲ್ಲಿ ಮಾಂಸವೂ ಬೇಯುತ್ತದಲ್ಲ ಎಂಬ ಹುಳ ತಲೆ ಹೊಕ್ಕಿತ್ತು. ಅತ್ತೆ ಜೊತೆಗಿದ್ದರೆ ತಪ್ಪನ್ನು ಅವರ ಮೇಲೆ ಹೊರಿಸಬಹುದಿತ್ತು. ಮನೆಯಲ್ಲಿದ್ದವರು ಗಂಡ ಹೆಂಡತಿ ನಾವಿಬ್ಬರೇ.

"ತಿಂದರ ತಿನ್ನು, ಇಲ್ಲಾ ಒಲ್ಲೆ ಅಂತ ಹೇಳು. ಅನ್ನ ಚೆಲ್ಲಬ್ಯಾಡ," ಎಂದರು ಯಜಮಾನರು.

"ಆಕಿಗೆ ಬ್ಯಾಸರ ಆಗತೈತ್ರಿ," ಎಂದೆ.

ಒಳ್ಳೆಯವಳಾಗಿ ಉಳಿಯುವ ಆಸೆ ನನಗೆ. ಉಣ್ಣುವ ಮುಂಚೆ ಅನ್ನಕ್ಕೆ ಕೈಮುಗಿಯುವವಳು ನಾನೇ. ರೊಟ್ಟಿ ಕೆಳಗಿನ ಹಸಿಕಸದ ಡಬ್ಬಿಗೆ ಹೋಗುತ್ತಿತ್ತು, ಮೆಟ್ಟಿಲಲ್ಲಿ ಸಿಕ್ಕಾಗ ಅವಳನ್ನು ಬಾಯ್ತುಂಬ ಹೊಗಳುತ್ತಿದ್ದೆ.

ನಮ್ಮ ಕಟ್ಟಡದಲ್ಲಿ ಕೇರ್‌ವೋಖೆ ಇತ್ತು. ವಾರಕ್ಕೊಂದು ಮನೆಯವರು ಮೆಟ್ಟಿಲು, ಅಂಗಳ ಗುಡಿಸುವ ಪಾಳಿ. ಆ ಶನಿವಾರ ಅವಳದು. ನಾನು ರೊಟ್ಟಿ ಎಸೆದು ಬಂದು ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದೆ. ಗುಡಿಸಿದ ಎಲೆ ಹಾಕಲು ಅವಳು ಡಬ್ಬಿಯ ಮುಚ್ಚಳ ತೆಗೆದಳು. ಕೊಂಬು ಮೂರೂ ಹಾಗೇ ಇದ್ದವು. ಒಂದು ಚೂರು ಮುರಿಯುವ ಮರ್ಯಾದೆಯನ್ನೂ ನಾನು ತೋರಿಸಿರಲಿಲ್ಲ. ಅವಳು ಅದನ್ನು ಎತ್ತಿಕೊಂಡು ಸೆರಗಿನಂಥ ತಲೆವಸ್ತ್ರದ ತುದಿಯಿಂದ ಒರೆಸಿದಳು, ಮುತ್ತಿಟ್ಟು ಹಣೆಗೊತ್ತಿಕೊಂಡಳು, ಹಕ್ಕಿಗಳಿಗೆಂದು ಗೋಡೆಯ ಮೇಲಿಟ್ಟಳು. ನಮ್ಮ ಕಿಟಕಿಯ ಕಡೆ ನೋಡಲೇ ಇಲ್ಲ.

ಮುಂದಿನ ಶನಿವಾರ ರೊಟ್ಟಿ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಇದ್ದ ಒಬ್ಬ ಗೆಳತಿಯನ್ನೂ ಕೈಯಾರೆ ಕಳೆದುಕೊಂಡೆನೆಂದು ನನಗೆ ಊಟ ಸೇರದಾಯಿತು. ಕೊನೆಗೆ ಊರಿನಿಂದ ತಂದ ಜೋಳದ ಹಿಟ್ಟಿನಲ್ಲಿ ಎರಡು ರೊಟ್ಟಿ ಬಡಿದು ಮೇಲೆ ಹೋದೆ. ತಪ್ಪಾಯಿತೆಂದು ಜರ್ಮನ್‌ನಲ್ಲಿ ಹೇಳುವುದನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಬಾಗಿಲು ತೆರೆದಾಗ ರೊಟ್ಟಿಯನ್ನಷ್ಟೇ ಮುಂದೆ ಚಾಚಿದೆ.

ಅವಳು ರೊಟ್ಟಿ ತೆಗೆದುಕೊಂಡಳು. ಹಿಟ್ಟಿಗೆ ಏನು ಹಾಕಿದೆ, ಯಾವ ಹಂಚಿನ ಮೇಲೆ ಬೇಯಿಸಿದೆ ಎಂದು ಕೇಳಲಿಲ್ಲ. ಹೊಸ್ತಿಲಲ್ಲೇ ನಿಂತು ಮುರಿದು, ನನ್ನ ಮುಖ ನೋಡುತ್ತ ತಿಂದಳು.